ಸಡಿಲಿಸಿದ ಹಗ್ಗ

ಎಂಬತ್ತಮೂರನೇ ಇಸವಿಯ ತೈ ತಿಂಗಳು, ಸಂಕ್ರಾಂತಿ ಹಬ್ಬದ ದಿನಗಳು. ಕೋಯಮತ್ತೂರು ಸೀಮೆಯ ನೆಗಮಂನಲ್ಲಿ, ಕನ್ನಡ ಮಾತಾಡುವ ನೇಕಾರರ ಬೀದಿಯಲ್ಲಿ, ಬೆಳಗಿನ ಕಾಫಿಗೂ ಮೊದಲೇ ಕೂಗೆದ್ದಿತು. ರಾಮಲಿಂಗನ ಮಗ್ಗದಲ್ಲಿ ಅರ್ಧ ನೇಯ್ದ ಸೀರೆ—ಕೋಯಮತ್ತೂರಿನ ಪ್ರದರ್ಶನಕ್ಕೆ ಸೊಸೈಟಿಯವರು ಆರಿಸಿದ್ದ ಸೀರೆ—ಅದರ ಉದ್ದಕ್ಕೂ ಬಿಗಿದ ಹಾಸಿನ ನೂಲನ್ನೆಲ್ಲ ಯಾರೋ ಕತ್ತರಿಸಿಬಿಟ್ಟಿದ್ದರು!

ಯಾರು? ಕೈಯಲ್ಲಿ ಕತ್ತಿ ಇದ್ದವನೇ! ರಾತ್ರಿ ಆ ಮನೆಯ ಜಗಲಿಯಲ್ಲಿ ಮಲಗಿದ್ದ ಸಾಣೆ ಹಿಡಿಯುವ ಪೆರಿಯಸಾಮಿ, ವೆಳ್ಳಕೋಯಿಲ್ ಕಡೆಯವನು.

ಕಮಲಾತಾಳ್ ಓಡಿ ಬರುವಷ್ಟರಲ್ಲಿ ಅವನನ್ನು ದೀಪದ ಕಂಬಕ್ಕೆ ಬಿಗಿದಾಗಿತ್ತು. ತುಟಿ ಒಡೆದಿತ್ತು. ರಾಮಲಿಂಗನ ಅಣ್ಣ ಗೋಪಾಲಸಾಮಿ ಕಲ್ಲೆತ್ತಿ ನಿಂತಿದ್ದ.

“ಬೆರಳು ಜಜ್ಜಿ ಹಾಕ್ತೀನಿ! ಇನ್ನೊಂದ್ಸಲ ಕತ್ತಿ ಹಿಡೀಬಾರ್ದು!”

ಕಮಲಾತಾಳ್ ಇದೇ ಬೀದಿಯ ಮಗಳು. ಪೊಳ್ಳಾಚಿ ಕೋರ್ಟಿನಲ್ಲಿ ವಕೀಲೆ. ಹಬ್ಬಕ್ಕೆಂದು ತವರಿಗೆ ಬಂದಿದ್ದವಳು ಕಲ್ಲಿಗೂ ಕಂಬಕ್ಕೂ ನಡುವೆ ಹೋಗಿ ನಿಂತಳು.

“ಕಟ್ಟು ಬಿಚ್ಚಿ. ಪೊಲೀಸಿಗೆ ಆಳು ಕಳ್ಸಿದೀನಿ.”

“ಕಳ್ಳನಿಗೂ ಕಾನೂನಾ, ವಕ್ಕೀಲಮ್ಮ?”

“ಕಳ್ಳ ಅಂತ ಯಾರಣ್ಣಾ ತೀರ್ಪು ಕೊಟ್ಟೋರು? ನಿಮ್ಮ ಕೈಯಾಗಿರೋ ಕಲ್ಲಾ?”

“ಅಕ್ಕನಿಗೆ ಈಗ ಕಳ್ಳರೇ ನೆಂಟರು,” ಎಂದಳು ರಾಮಲಿಂಗನ ಹೆಂಡತಿ ಶಿವಗಾಮಿ. ಅಳುತ್ತಲೇ.

“ನೆಂಟನಿಗೆ ನೀರಾದ್ರೂ ಕೊಡಮ್ಮಾ.”

ಯಾರೋ ನಕ್ಕರು. ಆ ನಗುವಿನಲ್ಲೇ ಅವಳು ಕಟ್ಟು ಬಿಚ್ಚಿ ಪೆರಿಯಸಾಮಿಯನ್ನು ಜಗಲಿಯಲ್ಲಿ ಕೂರಿಸಿದಳು. ಮಗ್ಗದ ಕೋಣೆಯನ್ನು ತಾನು ನೋಡೇ ಇಲ್ಲವೆಂದು ಅವನು ತಮಿಳಿನಲ್ಲಿ ಆಣೆಯಿಟ್ಟ.

ಕಮಲಾತಾಳ್ ಒಳಗೆ ಹೋಗಿ ಬಗ್ಗಿ ನೋಡಿದಳು. ನೇಯ್ದ ಭಾಗಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಜರಿ ಅಂಚು ಹೊಳೆಯುತ್ತಿತ್ತು. ಕತ್ತರಿ ಬಿದ್ದದ್ದು ಅಚ್ಚಿನ ಹಿಂದೆ—ನೂಲೆಳೆಗಳನ್ನು ಬಾಚಣಿಗೆಯ ಹಾಗೆ ಬಿಡಿಸಿ ಹಿಡಿಯುವ ಬಿದಿರಿನ ಅಚ್ಚು. ಅದರಿಂದ ಹೊರಟ ತುದಿಗಳನ್ನು ಹಿಡಿ ಹಿಡಿಯಾಗಿ ಗಂಟು ಹಾಕಲಾಗಿತ್ತು.

ಅವಳು ಹೊರಗೆ ಬಂದಳು.

“ರಾಮಲಿಂಗಾ, ನಿನ್ನೆ ಮಗ್ಗದಿಂದ ಏಳೋವಾಗ ಹಾಸು ಬಿಗಿಯೋ ಹಗ್ಗ ಹೆಂಗಿತ್ತು?”

“ಬಿಗಿಯಾಗೇ ಬಿಟ್ಟಿದ್ದೆ ಅಕ್ಕಾ.”

“ಈಗ ಸಡಿಲವಾಗಿದೆ. ಬೆಳಿಗ್ಗೆ ನೀನೇನಾದ್ರೂ ಮುಟ್ಟಿದೆಯಾ?”

“ಇಲ್ಲ. ನೋಡಿದ್ದೇ ಕಿರುಚ್ಕೊಂಡು ಆಚೆ ಓಡಿದೆ.”

“ಗೋಪಾಲಣ್ಣಾ, ನೀವು?”

“ದೀಪಾವಳಿಯಿಂದ ಈ ಹೊಸಿಲು ತುಳಿದಿಲ್ಲ. ದೊಡ್ಡೋರ ಮನೆ ಆಗೋಯ್ತಲ್ಲ! ಪ್ರದರ್ಶನಕ್ಕೆ ಇವನ ಫೋಟೋ ಬೇರೆ ತೆಗೀತಾರಂತೆ!”

ಕಮಲಾತಾಳ್ ಗುಂಪಿನತ್ತ ತಿರುಗಿದಳು.

“ಎಲ್ಲಾರೂ ಹರಿದ ನೂಲು ನೋಡಿದ್ರಿ. ಉಳಿದದ್ದನ್ನ ಯಾರೂ ನೋಡ್ಲಿಲ್ಲ. ಬಿಗಿಯಾಗಿರೋ ಹಾಸನ್ನ ಹಂಗೇ ಕತ್ತರಿಸಿದ್ರೆ ಅಚ್ಚು ಎಗರಿ ಬೀಳ್ತದೆ, ಬಿದಿರಿನ ಹಲ್ಲು ಮುರೀತವೆ. ಬಂದೋನು ಮೊದ್ಲು ಹಗ್ಗ ಸಡಿಲಿಸಿದ. ಆಮೇಲೆ ಕತ್ತರಿಸಿದ. ಎಳೆ ಜಾರದ ಹಂಗೆ ಗಂಟೂ ಹಾಕ್ದ. ಸಾಣೆ ಹಿಡಿಯೋನಿಗೆ ಅಚ್ಚಿನ ಮೇಲೆ ಯಾಕೆ ಅಷ್ಟು ಅಕ್ಕರೆ? ಶಿವಗಾಮೀ, ಆ ಅಚ್ಚು ಯಾರದು?”

ಶಿವಗಾಮಿಯ ಅಳು ನಿಂತಿತು. “ಭಾವನೋರದು... ಮಾವ ಅವರಿಗೆ ಬಿಟ್ಟೋಗಿದ್ದು. ಅತ್ತೆ ಹೇಳಿ ಇವರಿಗೆ ಕೊಡ್ಸಿದ್ರು.”

ಗೋಪಾಲಸಾಮಿಯ ಕೈಯಿಂದ ಕಲ್ಲು ಜಾರಿತು.

“ಅಣ್ಣಾ, ನೀವೀಗ ಏನೂ ಹೇಳ್ಬೇಕಾಗಿಲ್ಲ. ಇದು ನನ್ನ ಅನುಮಾನ, ತೀರ್ಪಲ್ಲ.”

ಅವನು ಕೇಳಿಸಿಕೊಳ್ಳಲಿಲ್ಲ. “ಅಪ್ಪನ ಅಚ್ಚು! ನಾನು ಕಲ್ಸಿದ ಕೈ! ಹೆಸರು ಮಾತ್ರ ಇವನದಾ? ಬೀದಿಯೆಲ್ಲ ರಾಮಲಿಂಗ, ರಾಮಲಿಂಗ... ನಾನೇನು ಸತ್ತೋದ್ನಾ?”

ಗುಂಪು ಒಮ್ಮೆಲೇ ಅವನ ಕಡೆ ಹೊರಳಿತು. ಪೆರಿಯಸಾಮಿಯನ್ನು ಬಿಗಿದಿದ್ದ ಹಗ್ಗ ನೆಲದಲ್ಲೇ ಬಿದ್ದಿತ್ತು. ಅದನ್ನೆತ್ತಿಕೊಂಡವನು ರಾಮಲಿಂಗ.

ಕಮಲಾತಾಳ್ ಗೋಪಾಲಸಾಮಿಯ ಮುಂದೆ ಹೋಗಿ ನಿಂತಳು.

“ಇವರಿಗೂ ಅದೇ ಮಾತು. ಒಬ್ಬರೂ ಕೈ ಎತ್ತೋ ಹಂಗಿಲ್ಲ.”

“ತಪ್ಪು ಒಪ್ಕೊಂಡ್ನಲ್ಲಕ್ಕಾ!”

“ಒಪ್ಕೊಂಡೋನಿಗೂ ಅದೇ. ಒಳಗೋಗಿ ನಿನ್ನ ಮಗ್ಗ ನೋಡು.”

ರಾಮಲಿಂಗ ಹಗ್ಗ ಹಿಡಿದೇ ಒಳಗೆ ಹೋದ. ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದ. ಒಂದೆಳೆಯೂ ಅಚ್ಚಿನಿಂದ ಜಾರಿರಲಿಲ್ಲ. ಕಡಿದ ತುದಿಗಳನ್ನು ಕೂತು ಒಂದಕ್ಕೊಂದು ಹೊಸೆದರೆ ಹಾಸು ಮತ್ತೆ ಕೂಡುತ್ತಿತ್ತು. ಚಿಕ್ಕಂದಿನಲ್ಲಿ ಅಣ್ಣ ಬೆರಳು ಹಿಡಿದು ಕಲಿಸಿದ್ದ ಗಂಟೇ ಅದು.

ಅವನು ಹಗ್ಗವನ್ನು ಮಗ್ಗದಡಿ ಕಾಲು ಇಳಿಬಿಡುವ ಗುಂಡಿಗೆ ಎಸೆದು, ಅಲ್ಲೇ ಕೂತ.