ಕದ್ದೊಯ್ದ ಸೇಬಿನ ಕಡ್ಡಿಗಳು

"ಯಾರು... ಯಾರು ಕೊಯ್ದಿದ್ದು ಇದನ್ನ?"

ಸೈಮಾ ಕೇಳಿದ್ದು ಯಾರನ್ನೂ ಅಲ್ಲ. ಸೊಂಟದವರೆಗೆ ಹಿಮ ತುಂಬಿದ ಆ ಹಿತ್ತಲಲ್ಲಿ ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ಚರ್ಚಿನಿಂದ ಬಂದವಳು ಕೋಟನ್ನೂ ಬಿಚ್ಚದೆ ಕೋಳಿಗಳಿಗೆ ಬಿಸಿನೀರು ಇಡಲು ಹೊರಟಿದ್ದಳು. ಅಜ್ಜಿಯ ಸೇಬುಮರದ ಹತ್ತಿರ ಕಾಲು ತಾನಾಗಿ ನಿಂತಿತು. ಹೋದ ವರ್ಷ ಬೆಳೆದ ನೀಳ ಕಡ್ಡಿಗಳಲ್ಲಿ ಒಳ್ಳೊಳ್ಳೆಯವೇ ಇಲ್ಲ! ಓರೆಯಾದ ನುಣುಪು ಕೊಯ್ತ. ಮುರಿದದ್ದಲ್ಲ, ಕತ್ತಿ ತಿಳಿದವನ ಕೈ. ಬುಡದ ಸುತ್ತ ಹಿಮವನ್ನು ಯಾರೋ ಗಟ್ಟಿಯಾಗಿ ತುಳಿದಿದ್ದರು. ಹೆಜ್ಜೆಗಳು ನೇರ ಪಕ್ಕದ ಬೇಲಿಗೆ ಹೋಗಿದ್ದವು.

ಬೇಲಿಯಾಚೆ ಆರ್ನೆ ಸಾಲ್ಮಿ ತನ್ನ ಕೋಳಿಗೂಡಿನ ಮಾಡಿನಿಂದ ಹಿಮ ಎಳೆಯುತ್ತಿದ್ದ. ಅವಳನ್ನು ಕಂಡವನೇ ಸಲಿಕೆ ಕೆಳಗಿಟ್ಟ.

"ಇವತ್ತು ಚರ್ಚಿಗೆ ಬರ್ಲಿಲ್ಲ ನೀವು," ಎಂದಳು ಸೈಮಾ.

"ಹೂಂ... ಬರೋಕಾಗ್ಲಿಲ್ಲ."

"ನನ್ನ ಮರ ಹತ್ತೋಕೆ ಪುರುಸೊತ್ತಿತ್ತು!"

ಆರ್ನೆಯ ಮುಖ ಕೆಂಪಾಯಿತು. ಅವನು ಸುಳ್ಳು ಹೇಳಲಿಲ್ಲ. ಅದೇ ಅವಳಿಗೆ ಇನ್ನಷ್ಟು ಉರಿ ತಂದಿತು.

"ನಾನೇ ಕೊಯ್ದಿದ್ದು. ಜೋಪಾನವಾಗಿದೆ. ಮೇ ತಿಂಗಳವರೆಗೆ ಏನೂ ಕೇಳ್ಬೇಡಿ, ಸೈಮಾ."

"ನನ್ನ ಮರ, ನನ್ನ ಕಡ್ಡಿ... ನಾನೇ ಕೇಳ್ಬಾರ್ದಾ?"

ಅವನು ತಲೆ ತಗ್ಗಿಸಿ ಸಲಿಕೆ ಎತ್ತಿಕೊಂಡ.

'ಇವನೂ ಹಾಗೇನಾ?' ಸೈಮಾಳ ಎದೆಯಲ್ಲಿ ಹಳೆಯ ಗಾಯ ಬಾಯಿ ತೆರೆಯಿತು. ವರ್ನನ್ ಎಂಬುವನು ಒಂದು ಬೇಸಿಗೆಯಿಡೀ ಅಜ್ಜಿಯ ಮೇಜಿನಲ್ಲಿ ಉಂಡಿದ್ದ, ಸೈಮಾಳನ್ನು ಮದುವೆಯಾಗುತ್ತೇನೆಂದಿದ್ದ. ಮರುವರ್ಷ ಅಜ್ಜಿಯ ಪ್ಲಮ್ ತಳಿಯ ಕಡ್ಡಿಗಳನ್ನು ಒಯ್ದು ಕಸಿ ಕಟ್ಟಿ, ತನ್ನ ಹೆಸರಿಟ್ಟು ಸಸಿ ಮಾರಿದ. ಮದುವೆಯ ಮಾತು ಮತ್ತೆ ಎತ್ತಲಿಲ್ಲ. ಆ ಪ್ಲಮ್ ಮರ ಹಿಮಕ್ಕೆ ಸತ್ತಿತು. ಅಜ್ಜಿ ಬೀಜದಿಂದ ಬೆಳೆಸಿದ ಈ ಸೇಬು ಮಾತ್ರ ಸುಪೀರಿಯರ್ ಸರೋವರದ ಗಾಳಿಗೆ ಜಗ್ಗದೆ ನಿಂತಿತ್ತು. ಇಂಥದ್ದು ಬೇರೆಲ್ಲೂ ಇರಲಿಲ್ಲ.

*

"ಕೊಯ್ದ್ರೆ ಕೊಯ್ಲಿ ಬಿಡೇ, ನಿನ್ನ ಜಡೆ ಕೊಯ್ದ್ನಾ?" ಎಂದರು ಲೆಂಪಿ ಚಿಕ್ಕಮ್ಮ, ಏಲಕ್ಕಿ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದುತ್ತ.

"ನಗ್ಬೇಡ ಚಿಕ್ಕಮ್ಮ. ಶರತ್ಕಾಲದಲ್ಲಿ ಮರಕ್ಕೆ ಹಾಕು ಅಂತ ಅವನ ಕೋಳಿಗೂಡಿನ ಹುಲ್ಲು ತಂದು ಸುರಿದ. ನಾನು ಕೇಳಿದ್ನಾ? ಕೇಳದೆ ಕೊಡೋರನ್ನ ಕಂಡ್ರೆ ನಂಗೆ ಭಯ."

"ಅವನು ನಿನ್ನನ್ನ ನೋಡೋದು ನೋಡಿದ್ರೆ, ಅವನಿಗೆ ಬೇಕಾಗಿರೋದು ಸೇಬು ಅಂತ ನಂಗನ್ನಿಸ್ಲಿಲ್ಲಪ್ಪ!"

"ವರ್ನನ್ನೂ ಹಾಗೇ ನೋಡ್ತಿದ್ದ."

ಚಿಕ್ಕಮ್ಮ ಲೋಟ ಕೆಳಗಿಟ್ಟರು.

ಏಪ್ರಿಲ್‌ನಲ್ಲಿ ಸೈಮಾಳ ಕೆಂಪು ಹೇಂಟೆ ಕಾವಿಗೆ ಕೂತಿತು. ಅವಳ ಹುಂಜ ಚಳಿಗೆ ಸತ್ತಿತ್ತು. ಮರಿಯಾಗುವ ಮೊಟ್ಟೆ ಕೊಡುತ್ತೇನೆಂದು ಆರ್ನೆ ಹಿಂದೆಯೇ ಹೇಳಿದ್ದ. ಹೇಳಿದಂತೆಯೇ ಬಂದ. ಮೊಟ್ಟೆಗಳಿಗೆ ತಂಡಿ ತಾಕದಂತೆ ಉಣ್ಣೆಯ ಟೋಪಿಯಲ್ಲಿ ಸುತ್ತಿ, ಅಂಗಿಯೊಳಗೆ ಇಟ್ಟುಕೊಂಡು ಬಂದಿದ್ದ.

"ಬೇಡ," ಎಂದಳು ಬಾಗಿಲಲ್ಲೇ.

"ನನ್ನ ಮೇಲಿನ ಸಿಟ್ಟು ಕೋಳಿ ಮೇಲ್ಯಾಕೆ? ಪಾಪ, ಬರೀ ಹುಲ್ಲಿನ ಮೇಲೆ ಕೂತಿದೆ..."

"ಕೂತಿರ್ಲಿ. ಬರೀ ಮಾತು ನಂಬ್ಕೊಂಡು ಕೂತೋರು ಈ ಮನೇಲಿ ಅದೊಂದೇ ಅಲ್ಲ."

ಅವನು ಮೊಟ್ಟೆಗಳನ್ನು ಮತ್ತೆ ಅಂಗಿಯೊಳಗೆ ಸೇರಿಸಿಕೊಂಡ. ಟೋಪಿಯಿಲ್ಲದ ಅವನ ಕಿವಿಗಳು ಚಳಿಗೆ ಕೆಂಪಾಗಿದ್ದವು. ಬಾಗಿಲು ಮುಚ್ಚಿದ ಮೇಲೂ ಅವಳ ಕಣ್ಣಿಂದ ಅವು ಹೋಗಲಿಲ್ಲ.

'ದೇವರೇ, ಇವನನ್ನ ನಂಬೋ ಆಸೆಯನ್ನಾದ್ರೂ ತೆಗೆದುಬಿಡು...'

ದೇವರು ತೆಗೆಯಲಿಲ್ಲ.

*

ಮೇ ಮೊದಲ ವಾರ ಬಿಸಿಲು ಬಿತ್ತು. ಮರದ ಬುಡದಲ್ಲಿ ತುಳಿದು ಗಟ್ಟಿಯಾದ ಹಿಮ ಎಲ್ಲಕ್ಕಿಂತ ಕೊನೆಗೆ ಕರಗಿತು. ಸೈಮಾ ಬಾಗಿ ನೋಡಿದಳು.

ಬುಡದ ಸುತ್ತ ತೊಗಟೆಯೇ ಇರಲಿಲ್ಲ! ಹಿಮದಡಿ ಇಲಿಗಳು ಗೇಣೆತ್ತರಕ್ಕೆ ಕೆರೆದು ತಿಂದಿದ್ದವು. ಬಿಳಿ ಮರ ಎಲುಬಿನಂತೆ ಕಾಣುತ್ತಿತ್ತು. ಎಲೆಯಲ್ಲಿ ಆದ ಅನ್ನ ಬೇರಿಗೆ ಇಳಿಯುವ ದಾರಿ ಪೂರಾ ಕಡಿದುಹೋಗಿತ್ತು. ಇದ್ದ ಸತ್ವದಲ್ಲಿ ಈ ವರ್ಷ ಹೂ ಬಿಟ್ಟೀತು... ಆಮೇಲೆ ಇಲ್ಲ.

ಕೊಳೆತ ಹುಲ್ಲು ಕೆದಕಿದಳು. ಆರ್ನೆ ತಂದ ಗೂಡಿನ ಹುಲ್ಲು. ಬೇರು ಬೆಚ್ಚಗಿರಲೆಂದು ಬುಡಕ್ಕೆ ಒತ್ತಿ ಹಾಸಿದ್ದು ಅವಳೇ. ಅದರೊಳಗೆ ಕೋಳಿಗಳು ಚೆಲ್ಲಿದ ಓಟ್ಸ್ ಕಾಳಿನ ಸಿಪ್ಪೆ ಹಿಡಿಹಿಡಿಯಾಗಿತ್ತು. ಇಲಿಗಳಿಗೆ ಇಡೀ ಚಳಿಗಾಲ ಹಬ್ಬ!

ಒಂದೊಂದೇ ಕೂಡಿ ಬಂತು. ಕಾಳಿನ ಹುಲ್ಲು ಅವನದು, ಕಡ್ಡಿಗಳೂ ಅವನ ಬಳಿ. ತಾಯಿಮರ ಸತ್ತರೆ ಈ ತಳಿಗೆ ಅವನೊಬ್ಬನೇ ಒಡೆಯ...

ಅವಳು ಬೇಲಿ ದಾಟಿ ನುಗ್ಗಿದಳು. ಆರ್ನೆ ನೆಲಮಾಳಿಗೆಯಿಂದ ಒಂದು ಪೆಟ್ಟಿಗೆ ಹೊತ್ತು ಮೇಲೆ ಬರುತ್ತಿದ್ದ.

"ಕೊಂದುಬಿಟ್ರಲ್ಲ! ಬೇಕು ಅಂತಲೇ ಕಾಳಿನ ಹುಲ್ಲು ಕೊಟ್ರಿ ಅಲ್ವಾ?"

ಅವನು ಪೆಟ್ಟಿಗೆಯನ್ನು ಅವಳ ಕಾಲ ಬಳಿ ಇಟ್ಟು ಮುಚ್ಚಳ ತೆಗೆದ. ಒದ್ದೆ ಮರದ ಹೊಟ್ಟಿನಲ್ಲಿ ಕಡ್ಡಿಗಳು ಮಲಗಿದ್ದವು. ಹಸಿರಾಗಿ, ಮೊಗ್ಗು ಒಡೆಯದೆ... ಪ್ರತಿಯೊಂದರ ಕೆಳತುದಿಗೂ ಕೆಂಪು ಉಣ್ಣೆ ಕಟ್ಟಿತ್ತು.

ಕಸಿ ತಿಳಿದ ಸೈಮಾ ಒಂದು ಕಡ್ಡಿ ಎತ್ತಿ ಅದರ ಉದ್ದ ನೋಡಿದಳು. ಬೇರೆ ಗಿಡ ಮಾಡುವವನು ಇಷ್ಟುದ್ದ ಕೊಯ್ಯುವುದಿಲ್ಲ. ಇವು ಅನ್ನ ಮತ್ತೆ ಬೇರಿಗೆ ಇಳಿಯಲೆಂದು ಗಾಯದ ಕೆಳಗಿನಿಂದ ಮೇಲಕ್ಕೆ ಸೇತುವೆ ಕಟ್ಟುವ ಉದ್ದದವು!

"ಆ ಭಾನುವಾರ ನನ್ನ ನಾಯಿ ಬಂದು ನಿಮ್ಮ ಮರದ ಬುಡ ಕೆದಕ್ತಿತ್ತು," ಎಂದ ಆರ್ನೆ. "ಎಳ್ಕೊಂಡು ಹೋಗೋಣ ಅಂತ ಬಂದೆ. ತೊಗಟೆ ಹೋಗಿದ್ದು ಕಂಡೆ. ಮತ್ತೆ ಇಲಿ ಬರದೇ ಇರ್ಲಿ ಅಂತ ಹಿಮ ತುಳಿದೆ. ಚಿಗುರೋಕೆ ಮುಂಚೆ, ಕಡ್ಡಿ ನಿದ್ದೇಲಿದ್ದಾಗ್ಲೇ ಕೊಯ್ಬೇಕಲ್ಲ... ಕೊಯ್ದೆ."

"ಹೇಳ್ಬಹುದಿತ್ತಲ್ಲ!"

"ಮೇನಲ್ಲಿ ರಸ ಏರಿ ತೊಗಟೆ ಸಡಿಲ ಆಗೋವರೆಗೆ ಏನೂ ಮಾಡೋಕಾಗಲ್ಲ. ಅಲ್ಲಿವರೆಗೂ ನೀವು ಅಳೋದು ಬೇಡ ಅಂತ..." ಅವನು ತಡೆದ. "ಇಲ್ಲ, ಅದು ಸುಳ್ಳು. ಹೆದರಿದ್ದೆ. ಹುಲ್ಲು ನಂದು. ಕಾಳು ಜಾಡಿಸದೇ ಕೊಟ್ಟೋನು ನಾನು. ನಿಮ್ಮ ಅಜ್ಜಿ ಮರ ನನ್ನಿಂದ ಹೋಯ್ತು ಅಂತ ಹೇಳೋ ಧೈರ್ಯ ಬರ್ಲಿಲ್ಲ. ಕಳ್ಳ ಅನ್ನಿಸ್ಕೊಳ್ಳೋದೇ ಸುಲಭ ಅನ್ನಿಸ್ತು."

ಸೈಮಾ ಕಡ್ಡಿಗಳನ್ನು ನೋಡಿದಳು. ಒಂದನ್ನೂ ಅವನು ತನಗಾಗಿ ಬಳಸಿರಲಿಲ್ಲ.

"ಬುಡಕ್ಕೆ ಒತ್ತಿ ಹಾಸಿದ್ದು ನಾನು," ಎಂದಳು ಮೆಲ್ಲಗೆ. "ಒಂದು ಮೊಳ ದೂರ ಬಿಡಬೇಕು ಅಂತ ಅಜ್ಜಿ ಬಡ್ಕೊಳ್ತಿದ್ರು. ಮುದ್ದು ಜಾಸ್ತಿ ಆಯ್ತು ನಂದು."

"ಈಗ... ಕಸಿ ಕಟ್ಟೋಣ್ವಾ?"

"ಕತ್ತಿ ಕೊಡು. ಕಡ್ಡಿ ಹಿಡ್ಕೋ. ಕೆಂಪು ಕೆಳಗೆ! ತಲೆಕೆಳಗಾದ್ರೆ ಒಂದೂ ಹತ್ತಲ್ಲ."

"ಗೊತ್ತು ಮಾರಾಯ್ತಿ, ಅದಕ್ಕೇ ಅಲ್ವಾ ಉಣ್ಣೆ ಕಟ್ಟಿದ್ದು!"

ಎರಡು ತಿಂಗಳಲ್ಲಿ ಮೊದಲ ಸಲ ಅವಳು ನಕ್ಕಳು.

ಇಬ್ಬರೂ ಮರದ ಬುಡಕ್ಕೆ ಬಂದು ಕೆಸರಿನಲ್ಲಿ ಮೊಣಕಾಲೂರಿದರು. ಸೈಮಾ ಕಡ್ಡಿಯ ಎರಡೂ ತುದಿ ಹೆರೆದು, ಗಾಯದ ಕೆಳಗೊಂದು ಮೇಲೊಂದು ಸೀಳು ಮಾಡಿ ತೊಗಟೆಯೊಳಗೆ ಸೇರಿಸಿದಳು. ಆರ್ನೆ ಸಣ್ಣ ಮೊಳೆ ಹೊಡೆದು ಜೇನುಮೇಣ ಹಚ್ಚಿದ. ಹುಳು ಹುಡುಕಿ ಬಂದ ಕೋಳಿಗಳನ್ನು ಮೊಣಕೈಯಿಂದ ತಳ್ಳಿದ. ಆಮೇಲೆ, ಅಜ್ಜಿ ಕಸಿ ಕಟ್ಟುವಾಗ ಹೇಳುತ್ತಿದ್ದ ಕೀರ್ತನೆಯ ಸಾಲುಗಳು ಸೈಮಾಳ ಬಾಯಲ್ಲಿ ತಾವಾಗಿ ಬಂದವು. ಅವನು ತಲೆಬಾಗಿ ಕೇಳುತ್ತ ಕೆಲಸ ಮಾಡಿದ.

ಕೊನೆಯ ಕಡ್ಡಿ ಬಿಲ್ಲಿನಂತೆ ಬಾಗಿ ಕೂತಾಗ ಬಿಸಿಲು ಇಳಿಯುತ್ತಿತ್ತು.

"ಹತ್ತುತ್ತಾ?" ಎಂದು ಕೇಳಿದಳು.

"ಗೊತ್ತಿಲ್ಲ ಸೈಮಾ. ಜುಲೈ ಹೊತ್ತಿಗೆ ತಿಳಿಯುತ್ತೆ."

ಅವನು ಮೇಣದ ಕೈಯನ್ನು ಪ್ಯಾಂಟಿಗೆ ಒರೆಸಿದ. ಮತ್ತೆ ಒರೆಸಿದ.

"ಒಂದು ಮಾತು... ನೀನಂದ್ರೆ ನಂಗೆ ತುಂಬಾ ಇಷ್ಟ. ನಾನು ಈ ಊರಿಗೆ ಬಂದಾಗಿಂದ. ಹುಲ್ಲು ತಂದಿದ್ದೂ ನಿನ್ನ ಜೊತೆ ನಾಲ್ಕು ಮಾತಾಡೋ ನೆಪಕ್ಕೇ."

ಅವಳು ಕತ್ತಿ ಕೆಳಗಿಟ್ಟಳು.

"ಆದ್ರೆ ಈಗ ಉತ್ತರ ಹೇಳ್ಬೇಡ," ಅವನು ಅವಸರದಿಂದ ಎಂದ. "ಮರ ಉಳಿಯುತ್ತೋ ಇಲ್ವೋ ನೋಡು. ಸತ್ತುಹೋದ್ರೆ ನನ್ನ ಮುಖ ನೋಡೋದೂ ನಿಂಗೆ ಕಷ್ಟ. ಜುಲೈವರೆಗೆ ಕಾಯಿ, ಸೈಮಾ. ಇಷ್ಟು ಕೇಳ್ಕೋತೀನಿ."

ಸೈಮಾ ಕೆಸರಾದ ತನ್ನ ಕೈಯಿಂದ ಅವನ ಕೈ ಹಿಡಿದಳು. ಮರದ ಕಡೆ ತಿರುಗಿಯೂ ನೋಡಲಿಲ್ಲ.

"ಇಲ್ಲ ಆರ್ನೆ," ಎಂದಳು. "ಕಾಯಲ್ಲ."