ಮೂರು ಗಾಲಿಯ ಪಂಚನಾಮೆ

ಹರಳೆಣ್ಣೆಯ ದೀಪದ ಮೇಲೆ ಕವುಚಿಟ್ಟಿದ್ದ ತಟ್ಟೆಯಿಂದ ಮಾಳಮ್ಮ ಅರ್ಧ ಕಾಡಿಗೆ ಕೆರೆದಿದ್ದಳು. ಅಷ್ಟರಲ್ಲಿ ಗಂಡ ಬೀರಣ್ಣ ಅಂಗಳಕ್ಕೆ ಬಂದು ಕುಸಿದು ಕುಳಿತ.

"ಮೂರು ಗಾಲಿ ಪಾಲಿಶ್ ಯಾರೋ ಒರಸ್ಯಾರ. ಸಾವ್ಕಾರ್ರು ಠಾಣಾಕ್ಕ ಹೋಗ್ಯಾರ. ನಾಳಿ ಕಲೆಕ್ಟರ್ ಬರೂದ್ರಾಗ ಗಾಲಿ ಮಿಂಚಲಿಲ್ಲಂದ್ರ ನನ್ನ ನೌಕರಿ ಹೋತಂತ."

ಬೀರಣ್ಣ ಚನ್ನಯ್ಯ ಸಾವ್ಕಾರರ ಕಾರಿನ ಡ್ರೈವರ್. ಪಾಲಿಶ್ ಹೈದರಾಬಾದಿನಿಂದ ಬರುತ್ತದೆಂದು ಶಹಾಪುರಕ್ಕೆಲ್ಲ ಹೇಳಿಕೊಂಡು ಬಂದಿದ್ದ. ಬರುತ್ತಿದ್ದದ್ದು ಮಾಳಮ್ಮನ ಒಲೆಯಿಂದ.

1957ರ ಜನವರಿ 8. ಶಹಾಪುರ ಮೈಸೂರು ರಾಜ್ಯಕ್ಕೆ ಸೇರಿ ಎರಡು ತಿಂಗಳಾಗಿತ್ತು. ಕಲೆಕ್ಟರ್ ಸಾಹೇಬರದು ಮೊದಲ ಭೇಟಿ. ಅವರನ್ನು ತನ್ನ ಕಾರಿನಲ್ಲಿ ಕೂರಿಸಲು ಹವಣಿಸುತ್ತಿದ್ದ, ಊರಿನ ಇನ್ನೊಬ್ಬ ಸಾವ್ಕಾರ ಬಸವಂತರಾಯನೇ ಒರೆಸಿದ್ದಾನೆಂದು ಸಾವ್ಕಾರರು ಒಂಬತ್ತೂವರೆಗೆ ದೂರು ಕೊಟ್ಟರು. ಹತ್ತೂಕಾಲಿಗೆ ಇನ್ಸ್‌ಪೆಕ್ಟರ್ ಶಾಂತಪ್ಪ, ಕಾನ್‌ಸ್ಟೇಬಲ್ ಭಗವಂತರಾಯ ಸಾವ್ಕಾರರೊಂದಿಗೆ ಬಂದಿಳಿದರು. ಕಾರು ನಿಲ್ಲುತ್ತಿದ್ದದ್ದು ಮಾಳಮ್ಮನ ಬಾಗಿಲಿನ ಎದುರಿಗೇ. ಅವಳು ಸೆರಗೆಳೆದುಕೊಂಡು ಹೊಸ್ತಿಲಲ್ಲಿ ನಿಂತಳು.

"ಮೂರು ಗಾಲಿ ಮಂಕು. ಗೋಡೆಯ ಮೂಲೆಗೆ ಒತ್ತಿದ ನಾಲ್ಕನೆಯದು ಮಿಂಚುತ್ತಿದೆ," ಎಂದು ಶಾಂತಪ್ಪ ಪಂಚನಾಮೆ ಬರೆಸಿದರು.

ಭಗವಂತರಾಯ ನಾಲ್ಕನೆಯ ಗಾಲಿಗೆ ಬೆರಳು ತಾಗಿಸಿ ನೆಕ್ಕಿ ನೋಡಿದ. "ಸಿಹಿ ಅದರಿ, ಸಾಹೇಬ್ರ."

"ಸಾಕ್ಷಿ ತಿನ್ನಬ್ಯಾಡೋ." ಶಾಂತಪ್ಪ ಬೀರಣ್ಣನತ್ತ ತಿರುಗಿದರು. "ಪಾಲಿಶ್ ಎಲ್ಲಿದು?"

"ಹೈದರಾಬಾದಿಂದ್ರಿ."

"ಡಬ್ಬಿ ತೋರ್ಸು."

ಡಬ್ಬಿ ಎಲ್ಲಿಂದ ಬರಬೇಕು? "ಖರೇ ಅಂದ್ರ, ನಾನೇ ಮಾಡ್ತೀನ್ರಿ."

"ಏನೇನ್ ಹಾಕ್ತಿ?"

"ಡಾಂಬರ್ರಿ. ಮತ್ತ, ಅದು..."

"ಡಾಂಬರ್ ಯಾವಾಗಿಂದ ಸಿಹಿ ಆತೋ?"

ಗಂಡನ ಕತ್ತು ಬೆವರುವುದು ಮಾಳಮ್ಮನಿಗೆ ಕಂಡಿತು. ಹೊಸ್ತಿಲಿನಿಂದಲೇ ಅಂದಳು: "ಹರಳೆಣ್ಣ್ಯಾಗ ದೀಪದ ಕಾಡಿಗಿ ನುಣ್ಣಗ ಅರಿಬೇಕ್ರಿ. ಮ್ಯಾಲ ಬೆಲ್ಲದ ಪಾಕ. ಪಾಕ ಇಲ್ಲಂದ್ರ ಹೊಳಪು ಬರಂಗಿಲ್ಲ."

ಆ ಹೊತ್ತಿಗೆ ಅವಳ ಹಿಂದಿನಿಂದ ಆಡು ಲಚ್ಚಿ ಹೊರಬಂತು. ಮೂತಿ ಕಣ್ಣಿನವರೆಗೂ ಕಪ್ಪು. ಪಾಲಿಶ್ ಮಾಡಿದಾಗಲೆಲ್ಲ ಬೋಗುಣಿಯ ತಳ ನೆಕ್ಕಲು ಕೊಟ್ಟು ರೂಢಿ ಮಾಡಿಸಿದವಳು ಮಾಳಮ್ಮನೇ. ಲಚ್ಚಿ ಯಾರನ್ನೂ ಲೆಕ್ಕಿಸದೆ ಮೂಲೆಗೆ ಕತ್ತು ತುರುಕಿ ನಾಲ್ಕನೆಯ ಗಾಲಿಗೆ ನಾಲಿಗೆ ಚಾಚಿತು, ಎಟುಕಲಿಲ್ಲ.

"ಆರೋಪಿ ತಾನಾಗೇ ಹಾಜರ್ ಆದ್ಳು," ಎಂದರು ಶಾಂತಪ್ಪ.

ಸಾವ್ಕಾರರು ಗಂಟಲು ಸರಿಮಾಡಿಕೊಂಡರು. "ಎಲ್ಲಿದಾದ್ರೇನು, ಹೊಳೀತದಲ್ಲ. ನಾಳಿ ಮುಂಜಾನಿ ನಾಲ್ಕೂ ಗಾಲಿ ತಯಾರ್ ಇರಲಿ, ಬೀರ್ಯಾ. ನೌಕರಿ ಉಳೀತು."

ಹನ್ನೊಂದು ಇಪ್ಪತ್ತಕ್ಕೆ ಲಚ್ಚಿಯನ್ನು ಹಿಡಿದರು. ಕಲೆಕ್ಟರ್ ಹೋಗುವವರೆಗೆ ಸರ್ಕಾರಿ ದೊಡ್ಡಿಯಲ್ಲಿಡುವುದೆಂದಾಯಿತು. ಭಗವಂತರಾಯ ಪಂಚನಾಮೆ ಓದಿದ: "ಅಪರಾಧಕ್ಕೆ ಕಾರಣ, ಬೆಲ್ಲದ ಆಸೆ. ಪಾಲಿಶ್ ತಯಾರಿಸಿದವರು, ಮಾಳಮ್ಮ." ಹೆಬ್ಬೆಟ್ಟು ಒತ್ತಿಸಲು ಶಾಯಿ ಬೇಕಾಗಲಿಲ್ಲ. ಅವಳ ಬೆರಳಲ್ಲಿ ಕಾಡಿಗೆ ಇತ್ತು.

ಎಲ್ಲರೂ ಹೋದ ಮೇಲೆ ಬೀರಣ್ಣ ಹೇಳಿದ: "ಇನ್ನ ಮ್ಯಾಲ ಪಾಕದಾಗ ಬೇವಿನ ರಸ ಕೂಡ್ಸು. ಆಡು ಮೂಸಂಗಿಲ್ಲ."

"ಆತು," ಅಂದಳು ಮಾಳಮ್ಮ.

ಉಳಿದರ್ಧ ಕಾಡಿಗೆ ಕೆರೆಯಲು ಕುಳಿತಳು. ಅವಳ ಹೆಸರನ್ನು ಯಾರಾದರೂ ಕಾಗದದ ಮೇಲೆ ಬರೆದದ್ದು ಇದೇ ಮೊದಲು. ಇನ್ನೊಮ್ಮೆ ಬರೆದರೂ ಬರೆಯಲಿ. ಕಲೆಕ್ಟರ್ ಬಂದು ಹೋಗಲಿ, ಲಚ್ಚಿ ಮನೆಗೆ ಬರಲಿ. ಆಮೇಲೆ ಮೂರು ಗಾಲಿಗೆ ಬೇವು ಸಾಕು. ಒಂದಕ್ಕೆ ಮಾತ್ರ ಬರಿ ಬೆಲ್ಲ.