ನಾಯಕತ್ವಕ್ಕೆ ಎರಡು ಕ್ರೆಡಿಟ್

"ನಾನು ಸಾಕ್ಷಿ ಹೇಳಲ್ಲ ಕಣೇ. ಬೇರೆ ಯಾರನ್ನಾದ್ರೂ ಕರ್ಕೋ."

ಡೀನ್ ಕೋಣೆಯ ಮುಂದೆ, ಇನ್ನೇನು ಒಳಗಿನಿಂದ ಕರೆ ಬರಬೇಕು ಅನ್ನುವಾಗ ಮೈಕು ಹೀಗೆ ಕೈಯೆತ್ತಿಬಿಟ್ಟ.

ಪ್ರೆಸಿಡೆಂಟಿಗೆ ಮೈಯೆಲ್ಲ ಉರಿದುಹೋಯಿತು. ವರ್ಷವಿಡೀ ವಿದ್ಯಾರ್ಥಿ ಸಂಘ ನಡೆಸಿದವರಿಗೆ ಕಾಲೇಜು ಎರಡು ಕ್ರೆಡಿಟ್ ಕೊಡುತ್ತದೆ. ಅದಕ್ಕೆ ಲಿಖಿತ ಪರೀಕ್ಷೆಯಿಲ್ಲ. ಜೊತೆಗೆ ದುಡಿದವರೊಬ್ಬರು ಡೀನ್ ಎದುರು ನಿಂತು ಇವಳು ಹೀಗೆ ನಡೆಸಿದಳು ಎಂದು ಹೇಳಬೇಕು. ಆ ಎರಡನ್ನೇ ನಂಬಿ ಅವಳು ಒಂದು ಪೇಪರನ್ನೇ ಕೈಬಿಟ್ಟಿದ್ದಳು. ಸಿಗದಿದ್ದರೆ ಗೆಳತಿಯರೆಲ್ಲ ಪದವಿ ಹಿಡಿದು ಹೊರಟಾಗ ಇವಳು ಜೂನಿಯರ್‌ಗಳ ಜೊತೆ ಬೆಂಚು ಕಾಯಬೇಕು.

ಮೈಕು ಅಂದರೆ ಸಂಘದ ಮೈಕ್ ಸೆಟ್ ನೋಡಿಕೊಳ್ಳುವವನು. ಅವನ ಗಂಟಲಲ್ಲಿ ಇಡೀ ಕಾಲೇಜೇ ಬಾಡಿಗೆಗಿತ್ತು: ಡೀನ್ ಕೆಮ್ಮು, ಲೈಬ್ರರಿ ಮೇಡಂ ಗದರಿಕೆ, ಇವಳದೇ ಭಾಷಣ.

"ಹೆದರಿಕೊಂಡ್ಯಾ? ಕರೆಂಟ್ ಹೋದ ದಿನದ್ದು ಹೊರಗೆ ಬೀಳುತ್ತೆ ಅಂತ ತಾನೆ?"

ವಾರ್ಷಿಕೋತ್ಸವದಲ್ಲಿ ದೀಪ ಆರಿ ಜನ ಬಾಗಿಲಿಗೆ ನುಗ್ಗಿದಾಗ, ಅವಳೇ ಅವನ ಕೈಗೆ ಬ್ಯಾಟರಿ ಮೈಕ್ ತುರುಕಿ "ಡೀನ್ ಧ್ವನಿ ತೆಗಿಯೋ" ಅಂದಿದ್ದಳು. "ಕೂತ್ಕೊಳ್ಳಿ ಎಲ್ಲಾ! ಎದ್ದವರಿಗೆ ಹಾಜರಾತಿ ಕಟ್!" ಸಭಾಂಗಣಕ್ಕೆ ಸಭಾಂಗಣವೇ ಕುಸಿದು ಕೂತಿತ್ತು.

"ಅದಲ್ಲ." ಈಗ ಅವನ ಬಾಯಲ್ಲಿ ಯಾರ ಧ್ವನಿಯೂ ಇರಲಿಲ್ಲ. ಬರೀ ಅವನದು, ಸ್ವಲ್ಪ ಒರಟು, ಸ್ವಲ್ಪ ನಡುಕ. "ಮೊದಲು ಕೇಳೋದೇ, ಅಭ್ಯರ್ಥಿಗೂ ನಿನಗೂ ಏನಾದ್ರೂ ಸಂಬಂಧ ಇದೆಯಾ ಅಂತ. ಇದ್ರೆ ಸಾಕ್ಷಿ ನಡಿಯಲ್ಲ. ಇಲ್ಲ ಅನ್ನೋಕೆ ನನ್ನ ಕೈಲಾಗಲ್ಲ."

"ನಮ್ಮಿಬ್ಬರಿಗೆ ಏನೋ ಸಂಬಂಧ?"

"ನಿನ್ನ ಕಡೆಯಿಂದ ಇಲ್ಲ. ನನ್ನ ಕಡೆಯಿಂದ ಇದೆ."

ಹೇಳಿದವನು ತನ್ನ ಶೂ ದಾರವನ್ನು ದಿಟ್ಟಿಸುತ್ತ ನಿಂತ. ಅವನ ಕಿವಿಯ ತುದಿ ಕೆಂಪಾಗಿದ್ದನ್ನು ಅವಳು ಕಂಡಳು. ಕಂಡು, ಬೇಕೆಂದೇ ಇನ್ನೊಂದು ಗಳಿಗೆ ನೋಡಿದಳು.

"ನಿನ್ನನ್ನ ಆಮೇಲೆ ವಿಚಾರಿಸ್ಕೋತೀನಿ" ಎಂದು ಲೈಬ್ರರಿಗೆ ಓಡಿದಳು.

ಅಲ್ಲಿದ್ದವಳು ಅಪೋಸಿಷನ್, ಚುನಾವಣೆಯಲ್ಲಿ ಇವಳೆದುರು ಸೋತು, ಸಂಘದಲ್ಲಿ ಇವಳ ಮಾತಿಗೆಲ್ಲ ಅಡ್ಡಬಾಯಿ ಹಾಕಿದವಳು.

"ನನ್ನನ್ನಾ? ತಲೆ ಸರಿಯಿದೆಯೇನೇ ನಿಂಗೆ?"

"ಇಲ್ಲ, ಈಗ ತಾನೆ ಕೆಟ್ಟಿದೆ. ಬಾರೇ. ನಿನಗೆ ಕಂಡಿದ್ದನ್ನೇ ಹೇಳು."

ಇಬ್ಬರೂ ಒಳಹೊಕ್ಕ ಮೇಲೂ ಡೀನ್ ಕೋಣೆಯ ಬಾಗಿಲು ಅರ್ಧ ತೆರೆದೇ ಇತ್ತು.

"ಅಭ್ಯರ್ಥಿಗೂ ನಿಮಗೂ ಸಂಬಂಧ?" ಡೀನ್ ಕೇಳಿದರು.

"ಜಗಳದ್ದು ಸರ್. ನನಗೆ ಇವಳನ್ನ ಕಂಡ್ರೆ ಆಗಲ್ಲ. ಆದ್ರೆ ಅವತ್ತು ನೂಕುನುಗ್ಗಲಲ್ಲಿ ಬಾಗಿಲ ಹತ್ರ ಸಿಕ್ಕಿಹಾಕ್ಕೊಂಡಿದ್ದು ನಾನೇ. ನಿಮ್ಮ ಧ್ವನಿಗೆ ಎಲ್ಲ ಕೂತ್ರು, ನಾನು ಉಸಿರಾಡಿದೆ. ಅದು ಇವಳ ಐಡಿಯಾ."

"ನಾನು ಅವತ್ತು ಬಾಯೇ ತೆಗೆದಿಲ್ಲವಲ್ಲ!"

ಅಪೋಸಿಷನ್ ನಾಲಿಗೆ ಕಚ್ಚಿಕೊಂಡಳು. ಹೊರಗೆ ಮೈಕು ಬಾಗಿಲ ಸಂದಿಯಿಂದ ಒಂದು ಹೆಜ್ಜೆ ಹಿಂದೆ ಸರಿದ.

ಪ್ರೆಸಿಡೆಂಟ್ ಎದ್ದು ನಿಂತಳು. "ಅದು ನನ್ನ ತೀರ್ಮಾನ ಸರ್. ನಾನು ಕೂಗಿದ್ರೆ ಯಾರೂ ಕೇಳ್ತಿರಲಿಲ್ಲ, ನಿಮಗೆ ಹೆದರ್ತಾರೆ. ಧ್ವನಿ ಕೊಟ್ಟವನಿಗೆ ಏನೂ ಅನ್ನಬೇಡಿ. ಕ್ರೆಡಿಟ್ ಕೊಡದಿದ್ರೂ ಪರವಾಗಿಲ್ಲ, ಇನ್ನೊಂದು ಸಲ ಹಾಗೇ ಆದ್ರೆ ಹಾಗೇ ಮಾಡ್ತೀನಿ."

ಡೀನ್ ಕನ್ನಡಕ ತೆಗೆದು ಒರೆಸಿದರು. "ಕತ್ತಲಲ್ಲಿ ನಾನೂ ಕೂತುಬಿಟ್ಟೆನಮ್ಮ. ಯಾರ ಧ್ವನಿಗೆ ಕೂತೆ ಅಂತ ಇವತ್ತಿನವರೆಗೂ ಗೊತ್ತಾಗಿರಲಿಲ್ಲ." ನಗು ತಡೆಯಲಾಗದೆ ಕೆಮ್ಮಿದರು. "ಎರಡೂ ಕ್ರೆಡಿಟ್ ನಿನ್ನದು. ಆದ್ರೆ ಆ ಧ್ವನಿಯವನೇ ಯಾಕೆ ಸಾಕ್ಷಿಗೆ ಬರಲಿಲ್ಲ?"

ಅವಳು ಬಾಗಿಲ ಸಂದಿಯತ್ತ ನೋಡಿದಳು. ಅಲ್ಲಿ ಅರ್ಧ ಮುಖ, ಒಂದು ಕಣ್ಣು.

"ಅವನಿಗೂ ನನಗೂ ಸಂಬಂಧ ಇದೆ ಸರ್."

"ಯಾವಾಗಿನಿಂದ?"

"ಅವನ ಲೆಕ್ಕ ಗೊತ್ತಿಲ್ಲ. ನನ್ನದು ಈಗಿನಿಂದ."

ಹೊರಗೆ ಬಂದಾಗ ಕಾಲೇಜನ್ನೆಲ್ಲ ಅಣಕಿಸುವವನಿಗೆ ಒಂದು ಮಾತೂ ಹೊರಡಲಿಲ್ಲ.

"ಬ್ಯಾಟರಿ ಮುಗೀತು ಕಣೇ ಇವನದು" ಎಂದು ಅಪೋಸಿಷನ್ ನಗುತ್ತ ಹೊರಟುಹೋದಳು.

ಪ್ರೆಸಿಡೆಂಟ್ ಅವನ ತೋಳಿಗೆ ತೋಳು ಹಾಕಿ, ತುಂಬಿದ ಕಾರಿಡಾರಿನ ನಡುವೆಯೇ ಎಳೆದುಕೊಂಡು ನಡೆದಳು.

"ನಿಮ್ಮಮ್ಮಂಗೆ ಯಾರ ಧ್ವನೀಲಿ ಬೇಕಾದ್ರೂ ಹೇಳ್ಕೋ. ನಮ್ಮಪ್ಪಂಗೆ ಮಾತ್ರ ನಾನೇ ಹೇಳ್ತೀನಿ."